ಅರಿವಳಿಕೆಯ ಬೆಲೆ

ಮೊಣಕಾಲಿನ ಶಸ್ತ್ರಚಿಕಿತ್ಸೆಯ ಬಿಲ್ಲಿನಲ್ಲಿ ಅರಿವಳಿಕೆಯ ಶುಲ್ಕ ಕಂಡು, ಒಂದು ಚುಚ್ಚುಮದ್ದಿಗೆ ಇಷ್ಟೊಂದೇ ಎಂದು ನಾವು ಗೊಣಗುತ್ತೇವೆ. ಈ ಬೆಲೆಯ ಹಿಂದೆ ಚರಿತ್ರೆಯೊಂದಿದೆ.

1847ರಲ್ಲಿ ಬಳಕೆಗೆ ಬಂದ ಕ್ಲೋರೋಫಾರ್ಮ್ ನೋವನ್ನು ನೀಗಿಸಿತು. ಕೆಲವರ ಪ್ರಾಣವನ್ನೂ ಕಸಿಯಿತು. ಕಾರಣ ಹುಡುಕಲು, ಅಂದು ಕಲಬುರಗಿ, ರಾಯಚೂರು, ಬೀದರ್‌ಗಳೂ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಡಾ. ಎಡ್ವರ್ಡ್ ಲಾರಿಯವರ ಮುಂದಾಳುತನದಲ್ಲಿ 1888 ಮತ್ತು 1889ರಲ್ಲಿ ಎರಡು ಆಯೋಗಗಳು ನಡೆದವು. ಲಂಡನ್ನಿನಿಂದ ತಜ್ಞ ಲಾಡರ್ ಬ್ರಂಟನ್‌ರನ್ನು ಕರೆಸಲು ಆರನೇ ನಿಜಾಮ್ ಮಹಬೂಬ್ ಅಲಿ ಖಾನ್ 1000 ಪೌಂಡ್ ನೀಡಿದರು. ಪ್ರಯೋಗಗಳಿಗೆ ನೂರಾರು ಪ್ರಾಣಿಗಳು ಬಲಿಯಾದವು. ರೋಗಿಯ ಉಸಿರಾಟವನ್ನು ಎಡೆಬಿಡದೆ ಗಮನಿಸಬೇಕೆಂಬುದು ಆಯೋಗ ಕಲಿಸಿದ ಪಾಠ. ಕ್ಲೋರೋಫಾರ್ಮ್ ನೇರವಾಗಿ ಹೃದಯವನ್ನು ನಿಲ್ಲಿಸದೆಂಬ ಅದರ ವಾದವನ್ನು ಗುಡ್‌ಮನ್ ಲೆವಿಯವರ 1911ರ ಸಂಶೋಧನೆ ಅಲ್ಲಗಳೆಯಿತು. ಕಾವಲಿನ ಪಾಠ ಮಾತ್ರ ಉಳಿಯಿತು.

ನಾವು ತೆರುವುದು ಬರೀ ಔಷಧಿಯ ದರವಲ್ಲ, ಆ ಕಾವಲಿನ ಬೆಲೆಯೂ ಹೌದು. ಅಂದು ಪ್ರಯೋಗಕ್ಕೆ ಅರಸ ನೆರವಾದ. ಇಂದು ಕಾವಲಿನ ಖರ್ಚನ್ನು ಬಡ ರೋಗಿಯೊಬ್ಬನೇ ಹೊರುವಂತಾಗಬಾರದು.