ಕುಂಬಾರನ ಲೇಖನಿ

ಮದುವೆಮನೆಯ ಅಡುಗೆ ಚಪ್ಪರದಲ್ಲಿ ಜಹಾಂಗೀರು ಕರಿಯುವುದನ್ನು ನಿಂತು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ಹಿಟ್ಟು ತುಂಬಿದ ತೂತುಬಟ್ಟೆಯನ್ನು ಭಟ್ಟರ ಮುಷ್ಟಿ ಒಂದೇ ಹದದಲ್ಲಿ ಹಿಂಡುತ್ತದೆ. ಮಣಿಕಟ್ಟು ಸುತ್ತು ಹಾಕುತ್ತದೆ. ಕೈ ಒಂದು ಕ್ಷಣ ತಡೆದರೆ ಅಲ್ಲಿ ಗಂಟು. ಒಂದು ಕ್ಷಣ ಓಡಿದರೆ ಅಲ್ಲಿ ಎಳೆ ಕಡಿದುಹೋಗುತ್ತದೆ. ಬಾಣಲೆಗೆ ಬಿದ್ದ ಗೆರೆಯನ್ನು ತಿದ್ದುವ ಮಾತೇ ಇಲ್ಲ. ಇಂಥದೇ ಕೈಚಳಕದಿಂದ, ಹಿಟ್ಟಿನ ಬದಲು ಮಣ್ಣಿನ ಬಗ್ಗಡವನ್ನು ಹರಿಸಿ, ತಟ್ಟೆ ಬಟ್ಟಲುಗಳ ಮೇಲೆ ಚಿತ್ರ ಬರೆದ ಕುಂಬಾರರು ಇಂಗ್ಲೆಂಡಿನಲ್ಲಿ ಇದ್ದರು. ಅವರ ಉಪಕರಣವೆಂದರೆ ಒಂದು ಪುಟ್ಟ ಮಣ್ಣಿನ ಕುಡಿಕೆ ಮತ್ತು ಒಂದು ಹೆಬ್ಬಾತಿನ ಗರಿ, ಇಷ್ಟೆ. ಆ ಬಡ ಉಪಕರಣಕ್ಕೆ ೪೦೦ ವರ್ಷಗಳ ಚರಿತ್ರೆಯುಂಟು.

ಬಿಳಿಯ ಅಥವಾ ಬಣ್ಣದ ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಹಾಲಿನ ಕೆನೆಯಷ್ಟು ಗಟ್ಟಿಯಾಗಿ ಮಾಡಿಕೊಂಡ ಬಗ್ಗಡಕ್ಕೆ ಇಂಗ್ಲಿಷ್ ಕುಂಬಾರರು ‘ಸ್ಲಿಪ್’ ಎನ್ನುತ್ತಾರೆ. ಇದನ್ನು ಕುಂಚದಿಂದ ಬರೆಯಬಹುದಲ್ಲ ಎಂದು ಕೇಳಬಹುದು. ಬರೆಯಬಹುದು, ಆದರೆ ಸುಡದ ಮಣ್ಣು ನೀರನ್ನು ಕುಡಿಯುತ್ತದೆ. ಕುಂಚ ನಾಲ್ಕು ಬೆರಳು ಸಾಗುವಷ್ಟರಲ್ಲಿ ಒಣಗಿ ತೊಡರುತ್ತದೆ, ಗೆರೆ ತೆಳುವಾಗುತ್ತದೆ. ಗರಿಯ ಕೊಳವೆಯ ರೀತಿ ಬೇರೆ. ಅದರ ತುದಿ ಪಾತ್ರೆಯನ್ನು ಮುಟ್ಟುವುದೇ ಇಲ್ಲ. ಕುಡಿಕೆಯ ಮೂತಿಗೆ ಗರಿಯ ಟೊಳ್ಳು ದಂಟನ್ನು ಸಿಕ್ಕಿಸಿರುತ್ತದೆ. ಕುಡಿಕೆಯ ಮೇಲೊಂದು ಸಣ್ಣ ರಂಧ್ರ. ಹೆಬ್ಬೆರಳಿನಿಂದ ಆ ರಂಧ್ರವನ್ನು ಮುಚ್ಚಿದರೆ ಒಳಗೆ ಗಾಳಿ ಹೋಗದೆ ಹರಿವು ನಿಲ್ಲುತ್ತದೆ. ಬೆರಳು ಎತ್ತಿದರೆ ಸ್ಲಿಪ್ ದಾರದಂತೆ ಇಳಿಯುತ್ತದೆ. ಹೀಗೆ ಬಿದ್ದ ಗೆರೆ ಉಬ್ಬಿಕೊಂಡು, ಅಖಂಡವಾಗಿ, ತಟ್ಟೆಯ ಈ ಅಂಚಿನಿಂದ ಆ ಅಂಚಿನವರೆಗೂ ಸಾಗಬಲ್ಲದು. ಅದೇ ಹೆಬ್ಬಾತಿನ ಗರಿಯನ್ನು ಮೊನೆಯಾಗಿ ಸೀಳಿ ಗುಮಾಸ್ತರು ಲೆಕ್ಕ ಬರೆಯುತ್ತಿದ್ದ ಕಾಲವದು. ಒಂದೇ ಗರಿ ಕಚೇರಿಯಲ್ಲಿ ಲೇಖನಿ, ಕುಂಬಾರನ ಮನೆಯಲ್ಲಿಯೂ ಲೇಖನಿ.

ಕೆಂಟ್ ಪ್ರಾಂತದ ರೂಟಮ್ ಎಂಬಲ್ಲಿ ಈ ಬಗೆಯ ಪಾತ್ರೆಗಳ ಮೇಲೆ ೧೬೧೨ನೆಯ ಇಸವಿಯಷ್ಟು ಹಿಂದಿನ ತಾರೀಖು ಕಾಣುತ್ತದೆ. ಆದರೆ ಈ ಕಲೆ ಅರಳಿದ್ದು ಮಧ್ಯ ಇಂಗ್ಲೆಂಡಿನ ಸ್ಟಾಫರ್ಡ್‌ಷೈರಿನಲ್ಲಿ, ಬರ್ಸ್ಲೆಮ್ ಊರಿನ ಸುತ್ತಮುತ್ತ. ಅಲ್ಲಿ ಬಗೆಬಗೆಯ ಮಣ್ಣೂ ಇತ್ತು, ಆವಿಗೆಗೆ ಬೇಕಾದ ಕಲ್ಲಿದ್ದಲೂ ಇತ್ತು. ಆಕ್ಸ್‌ಫರ್ಡಿನ ವಿದ್ವಾಂಸರಾದ ರಾಬರ್ಟ್ ಪ್ಲಾಟರು ೧೬೮೬ರಲ್ಲಿ ಪ್ರಕಟಿಸಿದ ಆ ಪ್ರಾಂತದ ನಿಸರ್ಗ ಚರಿತ್ರೆಯಲ್ಲಿ ಕುಂಬಾರರ ಕೆಲಸವನ್ನು ವಿವರವಾಗಿ ವರ್ಣಿಸಿದ್ದಾರೆ. ಬಣ್ಣಗಳೆಲ್ಲ ಸ್ಲಿಪ್ಪಿನಿಂದಲೇ ಬರುತ್ತಿದ್ದುವು. ಮೆರುಗು ಮಾತ್ರ ಸೀಸದಿಂದ. ಸೀಸದ ಅದಿರನ್ನು ಕುಟ್ಟಿ, ಜರಡಿ ಹಿಡಿದು, ಪಾತ್ರೆಗಳ ಮೇಲೆ ಉದುರಿಸುತ್ತಿದ್ದರು. ಆವಿಗೆ ೨೪ ಗಂಟೆ ಉರಿಯುತ್ತಿತ್ತು. ಬೆಂದ ಪಾತ್ರೆಗಳನ್ನು ಬಡ ಹೊರೆಯಾಳುಗಳು ಬೆನ್ನಮೇಲೆ ಹೊತ್ತು ದೇಶದ ಮೂಲೆಮೂಲೆಗೆ ಒಯ್ದು ಮಾರುತ್ತಿದ್ದರು.

ಆ ಕುಂಬಾರರಲ್ಲಿ ಹೆಸರಾದವನು ಥಾಮಸ್ ಟಾಫ್ಟ್. ಅವನು ತೀರಿಕೊಂಡದ್ದು ೧೬೮೯ರಲ್ಲಿ. ಮೊಳದಗಲದ ಅವನ ತಟ್ಟೆಗಳು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವೇ ಮೊದಲಾದ ಕಡೆಗಳಲ್ಲಿವೆ. ಕೆಂಪು ಮಣ್ಣಿನ ತಟ್ಟೆಗೆ ಮೊದಲು ಬಿಳಿಯ ಸ್ಲಿಪ್ಪಿನ ಹೊದಿಕೆ. ಅದರ ಮೇಲೆ ಕಡುಕಂದು ಬಣ್ಣದ ರೇಖೆ. ರೇಖೆಗಳ ನಡುವೆ ಕಿತ್ತಳೆಗೆಂಪಿನ ತುಂಬುಗೆಲಸ. ಕೊನೆಗೆ ಕಂದು ರೇಖೆಯ ಮೇಲೆ ಮುತ್ತು ಪೋಣಿಸಿದಂತೆ ಬಿಳಿಯ ಚುಕ್ಕೆಗಳ ಸಾಲು. ಸೀಸದ ಮೆರುಗು ಎಲ್ಲಕ್ಕೂ ಜೇನಿನ ಹಳದಿ ಛಾಯೆ ಕೊಡುತ್ತದೆ. ಮತ್ಸ್ಯಕನ್ಯೆ, ಸಿಂಹ, ತನ್ನ ಎದೆ ಸೀಳಿ ಮರಿಗಳಿಗೆ ರಕ್ತ ಉಣಿಸುವ ಪೆಲಿಕನ್ ಹಕ್ಕಿ, ಇವು ಅವನ ಚಿತ್ರಗಳು. ೧೬೫೧ರಲ್ಲಿ ಯುದ್ಧದಲ್ಲಿ ಸೋತ ಎರಡನೆಯ ಚಾರ್ಲ್ಸ್ ದೊರೆ ಬಾಸ್ಕೊಬೆಲ್ ಎಂಬಲ್ಲಿ ಓಕ್ ಮರದಲ್ಲಿ ಅಡಗಿ ಪ್ರಾಣ ಉಳಿಸಿಕೊಂಡ ಕಥೆಯೂ ಅವನ ತಟ್ಟೆಯಲ್ಲಿದೆ: ಎಲೆಗಳ ನಡುವೆ ಇಣುಕುವ ದೊರೆಯ ಮುಖ, ಕೆಳಗೆ ಸಿಂಹ ಮತ್ತು ಒಂಟಿಕೊಂಬಿನ ಕುದುರೆ.

ಅಂಗರಚನೆಯ ಶಾಸ್ತ್ರದಿಂದ ನೋಡಿದರೆ ಈ ಚಿತ್ರಗಳಲ್ಲಿ ತಪ್ಪುಗಳು ಹೇರಳ. ರಾಜನ ಕಣ್ಣು ಗೋಲಿಯಂತೆ, ಸಿಂಹದ ಮೋರೆ ಮನುಷ್ಯನ ಮೋರೆಯಂತೆ. ಆದರೆ ಗೆರೆಯಲ್ಲಿ ಅಳುಕಿಲ್ಲ. ತಟ್ಟೆಯ ಅಂಚಿನ ಬಲೆಗೆರೆಗಳ ನಡುವೆ, ಚಿತ್ರದ ಕೆಳಗೆ, ಅದೇ ಕೊಳವೆಯಿಂದ ದಪ್ಪ ಅಕ್ಷರಗಳಲ್ಲಿ ‘ಥಾಮಸ್ ಟಾಫ್ಟ್’ ಎಂದು ಬರೆದಿದೆ. ರಾಲ್ಫ್ ಟಾಫ್ಟ್, ರಾಲ್ಫ್ ಸಿಂಪ್ಸನ್, ವಿಲಿಯಂ ಟೇಲರ್ ಮೊದಲಾದವರೂ ಹೀಗೆ ಬರೆದುಕೊಂಡಿದ್ದಾರೆ. ರಾಜನ ಚಿತ್ರದ ಅಡಿಯಲ್ಲಿ ರಾಜನಷ್ಟೇ ಎದ್ದು ಕಾಣುವಂತೆ ಕುಂಬಾರನ ಹೆಸರು! ಕೈಗೆ ಲೇಖನಿ ಸಿಕ್ಕಿದವನು ಮೊದಲು ಬರೆಯುವುದು ತನ್ನ ಹೆಸರನ್ನೇ ಅಲ್ಲವೆ?

ಮುಂದಿನ ಶತಮಾನದಲ್ಲಿ ಕಾಲ ಬದಲಾಯಿತು. ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬಿಬ್ಬರು ೧೭೫೬ರ ಜುಲೈ ತಿಂಗಳಿನಲ್ಲಿ ತಾಮ್ರದ ತಗಡಿನಂಥ ಅಚ್ಚಿನಿಂದ ಚಿತ್ರವನ್ನು ಕಾಗದಕ್ಕೂ, ಕಾಗದದಿಂದ ಬಿಲ್ಲೆಗೂ ಇಳಿಸುವ ವಿಧಾನವನ್ನು ಪರೀಕ್ಷಿಸಿ, ಪ್ರಮಾಣಪತ್ರ ಬರೆದುಕೊಟ್ಟರು: ಆರು ಗಂಟೆಗಳಲ್ಲಿ ೧೨೦೦ಕ್ಕೂ ಹೆಚ್ಚು ಬಿಲ್ಲೆಗಳು! ಬರ್ಸ್ಲೆಮ್‌ನಲ್ಲಿಯೇ ಕುಂಬಾರರ ಮನೆತನದಲ್ಲಿ ಹುಟ್ಟಿದ ಜೊಸಾಯ ವೆಜ್‌ವುಡ್ಡರ ಕೆನೆಬಣ್ಣದ ನಯವಾದ ಪಿಂಗಾಣಿ ೧೭೬೦ರ ದಶಕದಲ್ಲಿ ಸಿರಿವಂತರ ಮೇಜನ್ನು ಆಕ್ರಮಿಸಿತು. ಗರಿಯ ಕೊಳವೆ ಸಾಯಲಿಲ್ಲ. ಹಳ್ಳಿಯ ಹಾಲಿನ ಬೋಗುಣಿ, ಒಲೆಯಲ್ಲಿ ಬೇಯಿಸುವ ತಟ್ಟೆಗಳ ಮೇಲೆ ಉಳಿಯಿತು. ಮೂರು ನಾಲ್ಕು ಗರಿಗಳನ್ನು ಒಂದೇ ಕುಡಿಕೆಗೆ ಸಿಕ್ಕಿಸಿ ಒಮ್ಮೆಗೇ ಸಾಲುಗೆರೆ ಹಾಕುವ ಉಪಾಯವೂ ಬಂತು. ಆದರೆ ಅಂಚಿನ ಮೇಲಿನ ಹೆಸರು ಮಾಯವಾಯಿತು. ಬೇಗ ಬೇಗ ಸಾವಿರ ಬಟ್ಟಲು ಮುಗಿಸಬೇಕಾದವನಿಗೆ ಹೆಸರು ಬರೆಯಲು ಬಿಡುವೆಲ್ಲಿ?

ಹಳೆಯದೆಲ್ಲ ಚಿನ್ನವೆಂದು ಹೇಳುವುದೂ ಸರಿಯಲ್ಲ. ಆ ಜೇನುಬಣ್ಣದ ಮೆರುಗಿನ ಸೀಸ ವಿಷ. ಅದರ ಪುಡಿಯನ್ನು ಉಸಿರಾಡಿದ ಕುಂಬಾರರು, ಮೆರುಗಿನ ತೊಟ್ಟಿಯಲ್ಲಿ ಕೈಯದ್ದಿದ ಕೂಲಿಗಳು ತಲೆತಲೆಮಾರು ಹೊಟ್ಟೆನೋವಿನಿಂದಲೂ ಕೈ ಸೋಲುವ ರೋಗದಿಂದಲೂ ನರಳಿದರು. ಬ್ರಿಟನ್ನಿನ ಕುಂಬಾರಿಕೆಯಲ್ಲಿ ಕಚ್ಚಾ ಸೀಸದ ಮೆರುಗನ್ನು ನಿಷೇಧಿಸುವ ನಿಯಮಗಳು ಹೊರಟದ್ದು ೧೯೪೭ರಲ್ಲಿ. ತಟ್ಟೆಯ ಚೆಲುವಿನ ಬೆಲೆಯನ್ನು ಮಾಡಿದವರು ಮೈಯಿಂದ ತೆತ್ತರು ಎಂಬುದನ್ನು ಮರೆಯಬಾರದು.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಈ ಲೇಖನಿ ಬೇರೊಂದು ವೇಷದಲ್ಲಿ ಕಾರ್ಖಾನೆಯೊಳಕ್ಕೇ ಬಂದಿತು. ಗರಿಯ ಸ್ಥಾನದಲ್ಲಿ ಗಾಜಿನ ಸೂಕ್ಷ್ಮ ಕೊಳವೆ; ಕುಡಿಕೆಯ ಸ್ಥಾನದಲ್ಲಿ ರಬ್ಬರಿನ ಚೀಲ. ಇದರಿಂದ ದಾರದಂಥ ಉಬ್ಬುಗೆರೆ ಎಳೆದು, ಗೆರೆಗಳ ನಡುವಣ ಪಾತಿಗಳಿಗೆ ಬಣ್ಣಬಣ್ಣದ ಮೆರುಗು ತುಂಬುವುದು. ಗದ್ದೆಯ ಬದು ನೀರನ್ನು ತಡೆಯುವಂತೆ ಆ ಗೆರೆ ಒಂದು ಬಣ್ಣ ಇನ್ನೊಂದಕ್ಕೆ ಹರಿಯದಂತೆ ತಡೆಯುತ್ತದೆ. ಬರ್ಸ್ಲೆಮ್‌ನಲ್ಲಿ ವಿಲಿಯಂ ಮೂರ್‌ಕ್ರಾಫ್ಟ್, ಅನಂತರ ೧೯೨೦–೩೦ರ ದಶಕಗಳಲ್ಲಿ ಷಾರ್ಲಟ್ ರೀಡ್ ಎಂಬಾಕೆ ಈ ವಿಧಾನಕ್ಕೆ ಕೀರ್ತಿ ತಂದರು. ಗೆರೆ ಎಳೆಯುತ್ತಿದ್ದವರು ಬಹುಮಟ್ಟಿಗೆ ಹೆಣ್ಣುಮಕ್ಕಳು. ರೀಡ್ ಅವರ ನಮೂನೆಯ ಪಾತ್ರೆಗಳನ್ನು ಬೋರಲು ಹಾಕಿ ನೋಡಿದರೆ, ಗೆರೆ ಎಳೆದವಳು ಹಾಕಿದ ಪುಟ್ಟ ಗುರುತು ಅಡಿಯಲ್ಲಿ ಕಾಣುವುದುಂಟು. ಟಾಫ್ಟನ ಹೆಸರು ಅಂಚಿನ ಮೇಲೆ ಮೆರೆದರೆ, ಈಕೆಯ ಗುರುತು ತಳದಲ್ಲಿ ಅಡಗಿತು.

ಹಳೆಯ ಗರಿಯ ಕಲೆ ಮಾತ್ರ ಮರಳಿ ಬಂದದ್ದು ಯಾರೂ ಊಹಿಸದ ದಿಕ್ಕಿನಿಂದ. ಚಾರ್ಲ್ಸ್ ಲೋಮ್ಯಾಕ್ಸ್ ಎಂಬವರು ೧೯೦೯ರಲ್ಲಿ ಹಳೆಯ ಇಂಗ್ಲಿಷ್ ಕುಂಬಾರಿಕೆಯ ಬಗ್ಗೆ ಒಂದು ಸಚಿತ್ರ ಗ್ರಂಥವನ್ನು ಪ್ರಕಟಿಸಿದ್ದರು. ಅದು ಜಪಾನಿನಲ್ಲಿ ಕುಂಬಾರಿಕೆ ಕಲಿಯುತ್ತಿದ್ದ ಬರ್ನಾರ್ಡ್ ಲೀಚ್ ಮತ್ತು ಅವರ ಗೆಳೆಯ ತೊಮಿಮೊತೊ ಕೆಂಕಿಚಿ ಅವರ ಕೈಸೇರಿತು. ತನ್ನ ದೇಶದ ಟಾಫ್ಟನನ್ನು ಲೀಚ್ ಅರಿತದ್ದು ಟೋಕಿಯೋದಲ್ಲಿ! ೧೯೨೦ರಲ್ಲಿ ಲೀಚ್, ಹಮಾದಾ ಷೋಜಿ ಎಂಬ ಜಪಾನೀ ಕುಂಬಾರರೊಡನೆ ಇಂಗ್ಲೆಂಡಿಗೆ ಮರಳಿ, ಕಾರ್ನ್‌ವಾಲಿನ ಸೇಂಟ್ ಐವ್ಸ್ ಎಂಬ ಕಡಲತೀರದ ಊರಿನಲ್ಲಿ ಆವಿಗೆ ಹೂಡಿದರು. ಹಳೆಯ ಪಾತ್ರೆಗಳನ್ನು ನೋಡಿ ನೋಡಿ ಮರೆತುಹೋದ ಹದವನ್ನು ಅವರು ಒಂದೊಂದಾಗಿ ಕಂಡುಕೊಳ್ಳಬೇಕಾಯಿತು. ಒಂದು ದಿನ ಚಹಾದ ಹೊತ್ತಿನಲ್ಲಿ, ರೊಟ್ಟಿಯ ಮೇಲಿನ ಹಣ್ಣಿನ ಪಾಕ ಮತ್ತು ಕೆನೆ ಒಂದರೊಳಗೊಂದು ಎಳೆಯಾಗಿ ಹರಿದದ್ದನ್ನು ಕಂಡು, ಎರಡು ಸ್ಲಿಪ್ಪುಗಳೂ ಹಸಿಯಾಗಿರುವಾಗಲೇ ಎಳೆಯಬೇಕೆಂಬ ಗುಟ್ಟು ಹೊಳೆಯಿತೆಂದು ಲೀಚ್ ಹೇಳಿದ್ದಾರೆ. ಅವರ ಶಿಷ್ಯ ಮೈಕೆಲ್ ಕಾರ್ಡ್ಯೂ ೧೯೨೬ರಿಂದ ವಿಂಚ್‌ಕೂಂಬ್ ಗ್ರಾಮದಲ್ಲಿ ದಿನಬಳಕೆಯ ಹೂಜಿ, ಬೋಗುಣಿಗಳ ಮೇಲೆ ಈ ಕಲೆಯನ್ನು ಮತ್ತೆ ಬಾಳಿಸಿದರು.

ಇಂದಿನ ಕುಂಬಾರರ ಕೈಯಲ್ಲಿರುವುದು ರಬ್ಬರಿನ ಬುರುಡೆ, ಇಲ್ಲವೆ ಲೋಹದ ಮೂತಿಯ ಪ್ಲಾಸ್ಟಿಕ್ ಸೀಸೆ. ಸ್ಲಿಪ್ಪಿನಿಂದ ಮಾತ್ರವಲ್ಲ, ಗಟ್ಟಿಯಾಗಿ ಕಲಸಿದ ಮೆರುಗಿನಿಂದಲೂ ನೇರವಾಗಿ ಗೆರೆ ಬರೆಯುತ್ತಾರೆ. ಸೀಸವಿಲ್ಲದ ಮೆರುಗು ದೊರೆಯುತ್ತದೆ. ಉಪಕರಣ ಸುಲಭವಾಗಿದೆ, ಹದ ಸುಲಭವಾಗಿಲ್ಲ. ಎಲ್ಲಿ ಬೆರಳು ಬಿಡಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಹೇಳಿಕೊಡುವ ಯಂತ್ರವಿಲ್ಲ. ನೂರು ತಟ್ಟೆ ಕೆಡಿಸಿಯೇ ಕಲಿಯಬೇಕು. ಟಾಫ್ಟನೂ ಹಾಗೆಯೇ ಕಲಿತಿರಬೇಕು. ಅವನ ರಾಜರ ಮೋರೆ ಸೊಟ್ಟಗಿದ್ದರೂ, ಅವನ ಹೆಸರಿನ ಅಕ್ಷರಗಳು ಮಾತ್ರ ಮುನ್ನೂರು ವರ್ಷ ದಾಟಿ ಇಂದಿಗೂ ದಿಟ್ಟವಾಗಿ ನಿಂತಿವೆ.