ರಚ್ಚಿನ ಬೆಂಕಿಯಿಂದ ಪೆಟ್ರೋಲ್ ಬಂಕಿನವರೆಗೆ



ಬೆಳ್ಳಿಹಬ್ಬವೆಂದರೆ ನಡೆದುಬಂದ ದಾರಿಯ ಲೆಕ್ಕ ನೋಡುವ ಹೊತ್ತು. ಕಬ್ಬಿನ ಸೀಮೆಯ ನಾವು ‘ಕಸ’ ಎಂದು ಬಿಟ್ಟುಕೊಟ್ಟ ಬಾಬತ್ತಿನ ಲೆಕ್ಕವನ್ನೂ ಇಲ್ಲಿ ಕೊಂಚ ನೋಡೋಣ.

ಬೆಲ್ಲ ಕಾಯಿಸಲು ನಮ್ಮ ಹಿರಿಯರು ಸೌದೆಯನ್ನೇ ನಂಬಿ ಕೂತವರಲ್ಲ. ಗಾಣದಿಂದ ಬಂದ ರಚ್ಚನ್ನು ಬಿಸಿಲಿಗೆ ಹರವಿ, ಒಣಗಿಸಿ, ಆಲೆಮನೆಯ ಒಲೆಗೆ ತುಂಬುತ್ತಿದ್ದರು. ಕಬ್ಬಿನ ಹಾಲನ್ನು ಕಬ್ಬೇ ಕಾಯಿಸುತ್ತಿತ್ತು.

ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿದ ಕಾಲದಲ್ಲಿ, ಮೈಸೂರು ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ಕಾರ್ಖಾನೆಯ ಬಾಯ್ಲರಿಗೂ ಅದೇ ರಚ್ಚು. ನೂರು ಟನ್ ಕಬ್ಬು ಅರೆದರೆ ಸುಮಾರು 30 ಟನ್ ರಚ್ಚು. ಅದರಲ್ಲಿ ಅರ್ಧ ನೀರಿನ ಅಂಶ. ಇನ್ನೊಂದು ಉಳಿಕೆ ಕಾಕಂಬಿ. ಒಂದು ಟನ್ ಕಬ್ಬಿಗೆ 40-45 ಕಿಲೋ ಬರುತ್ತೆ. ಯೀಸ್ಟ್ ಹಾಕಿ ಹುಳಿಸಿ ಭಟ್ಟಿ ಇಳಿಸಿದರೆ ಹತ್ತು ಲೀಟರಿನಷ್ಟು ಎಥನಾಲ್!

ಇದನ್ನು ಪೆಟ್ರೋಲಿಗೆ ಬೆರೆಸುವ ಮಾತು ಹೊಸದೇನಲ್ಲ. 1948ರಲ್ಲೇ ಪವರ್ ಆಲ್ಕೋಹಾಲ್ ಕಾಯಿದೆ ಬಂದಿತ್ತು. ಆದರೂ ಕಾಕಂಬಿ ಬಹುಕಾಲ ಹೆಚ್ಚಾಗಿ ಹೋಗಿದ್ದು ಮದ್ಯಕ್ಕೆ, ರಾಸಾಯನಿಕ ಕಾರ್ಖಾನೆಗಳಿಗೆ. 2003ರಲ್ಲಿ ಕರ್ನಾಟಕವೂ ಸೇರಿ 9 ರಾಜ್ಯಗಳಲ್ಲಿ ಶೇ. 5ರ ಬೆರಕೆ ಶುರುವಾಯಿತು. 2025ರಲ್ಲಿ ದೇಶದಲ್ಲಿ ಅದು ಶೇ. 20 ಮುಟ್ಟಿತು. ಇದಕ್ಕೆ ಈಗ ಕಬ್ಬಿನ ಹಾಲು, ಮೆಕ್ಕೆಜೋಳವೂ ಹೋಗುತ್ತಿವೆ. 2022ರಲ್ಲಿ ಹರಿಯಾಣದ ಪಾಣಿಪತ್‌ನಲ್ಲಿ ಭತ್ತದ ಹುಲ್ಲಿನಿಂದಲೇ ಎಥನಾಲ್ ತೆಗೆಯುವ ಘಟಕ ಉದ್ಘಾಟನೆಯಾಯಿತು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲು, 3 ಕೋಟಿ ಲೀಟರ್ ಎಥನಾಲ್ ಅದರ ಗುರಿ.

ಹಾಗಾದರೆ ಬೆಳೆದವನ ಪಾಲೆಷ್ಟು? 2009ರಲ್ಲಿ ಬಂದ ಎಫ್.ಆರ್.ಪಿ. ದರ ಕಟ್ಟಿದ್ದು ಸಕ್ಕರೆ ಇಳುವರಿಯ ಮೇಲೆ. 2012ರಲ್ಲಿ ರಂಗರಾಜನ್ ಸಮಿತಿ, ಸಕ್ಕರೆಯ ಜೊತೆಗೆ ರಚ್ಚು, ಕಾಕಂಬಿ, ಮಡ್ಡಿಯ ಬೆಲೆಯನ್ನೂ ಕೂಡಿಸಿ ಶೇ. 70ರಷ್ಟು ಬೆಳೆಗಾರನಿಗೆ ಸಲ್ಲಬೇಕೆಂದು ಶಿಫಾರಸು ಮಾಡಿತು. ತೂಕದ ಮನೆಯ ಮುಂದೆ ಒಂಟಿಯಾಗಿ ನಿಂತವನಿಗೆ ಈ ಮಾತು ಎತ್ತಲು ಬಾಯಿ ಬರೋದಿಲ್ಲ. ಸಂಘ ಕೇಳಿದರೆ ಅದಕ್ಕೆ ತೂಕವುಂಟು.

ಹಾಗೆಂದು ಎಲ್ಲವನ್ನೂ ಮಾರಿಬಿಡುವುದೂ ಸಲ್ಲದು. ಹಸುವಿಗೆ ಹುಲ್ಲು ಬೇಕು, ಭೂಮಿತಾಯಿಗೆ ತರಗು ಬೇಕು. ಗದ್ದೆಯಲ್ಲಿ ತರಗಿಗೆ ಬೆಂಕಿ ಇಟ್ಟರೆ ಮಾತ್ರ ಇಬ್ಬರಿಗೂ ಇಲ್ಲ, ನಮಗೂ ಇಲ್ಲ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ಸದಸ್ಯರಲ್ಲಿ ನಮ್ಮ ಅರಿಕೆ.