ಲೆದರ್ ಜಾಕೆಟ್ಟಿನ ಗೀರು

ಲೆದರ್ ಜಾಕೆಟ್ಟಿನ ಮೇಲೆ ಗೀರು ಬಿದ್ದರೆ ಏನು ಮಾಡಬೇಕು? ನಮ್ಮ ಮನೆಗಳಲ್ಲಿ ಇದಕ್ಕೆ ಸಿಗುವ ಉತ್ತರ ಎರಡೇ. ಒಂದು, ಎಣ್ಣೆ ಹಚ್ಚು. ಇನ್ನೊಂದು, ಬೂಟ್ ಪಾಲಿಶ್ ಬಳಿ. ಎರಡೂ ಹಿರಿಯರಿಂದ ಬಂದ ಬುದ್ಧಿವಂತಿಕೆಯೇ. ಆದರೆ ಇವತ್ತು ಅಂಗಡಿಯಲ್ಲಿ ಸಿಗುವ ಬಹುಪಾಲು ಜಾಕೆಟ್ಟುಗಳಿಗೆ ಎರಡೂ ಹೊಂದುವುದಿಲ್ಲ. ಯಾಕೆ ಅಂತ ಹುಡುಕುತ್ತಾ ಹೋದವನು ನಾನು ಕೊನೆಗೆ ಬಂದು ನಿಂತದ್ದು ನೂರಾ ನಲವತ್ತು ವರ್ಷದ ಹಿಂದಿನ ನ್ಯೂಯಾರ್ಕಿನ ಹೆಂಗಸರ ಕಾರ್ಸೆಟ್ಟಿನ ಹತ್ತಿರ! ಆ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೊಗಲಿನ ಹದ. ಸತ್ತ ಪ್ರಾಣಿಯ ತೊಗಲನ್ನು ಹಾಗೇ ಬಿಟ್ಟರೆ ಕೊಳೆಯುತ್ತದೆ, ಒಣಗಿಸಿದರೆ ಹಲಗೆಯಾಗುತ್ತದೆ. ಕೊಳೆಯದೆ, ಮೆತ್ತಗೂ ಉಳಿಯಬೇಕು ಅಂದರೆ ಹದ ಮಾಡಬೇಕು. ಸಾವಿರಾರು ವರ್ಷ ಜಗತ್ತಿನ ಬೇರೆ ಬೇರೆ ಕಡೆ ಇದಕ್ಕೆ ಬಳಸಿದ್ದು ಮರದ ತೊಗಟೆ. ಯುರೋಪಿನಲ್ಲಿ ಓಕ್, ನಮ್ಮ ಬಯಲುಸೀಮೆಯಲ್ಲಿ ತಂಗಡಿ. ದಾರಿ ಬದಿಯಲ್ಲಿ ಹಳದಿ ಹೂ ಬಿಟ್ಟುಕೊಂಡು ನಿಂತಿರುತ್ತದಲ್ಲ, ಆವರಿಕೆ ಅಂತಲೂ ಕರೆಯುತ್ತಾರಲ್ಲ, ಅದೇ. ತೊಗಟೆಯ ಒಗರು ನೀರಿನಲ್ಲಿ ತೊಗಲು ವಾರಗಟ್ಟಲೆ ನೆನೆಯಬೇಕು. ದಪ್ಪ ತೊಗಲಾದರೆ ತಿಂಗಳುಗಟ್ಟಲೆ.

ಹೀಗೆ ಹದವಾದ ತೊಗಲು ಒಳಗೂ ಹೊರಗೂ ಕಂದು. ಮೇಲೆ ಬೇರೆ ಬಣ್ಣದ ಪದರ ಇರಲೇಬೇಕು ಅಂತಿಲ್ಲ. ಉಗುರು ತಗುಲಿ ಗೀರು ಬಿದ್ದರೆ ಒಳಗೆ ಕಾಣುವುದೂ ಕಂದೇ. ಎಣ್ಣೆ ಹಚ್ಚಿ ಹೆಬ್ಬೆರಳಲ್ಲಿ ತಿಕ್ಕಿದರೆ ನಾರು ಉಬ್ಬಿ, ಬಣ್ಣ ಗಾಢವಾಗಿ, ಗೀರು ಮುಚ್ಚಿಕೊಳ್ಳುತ್ತದೆ. ಯುರೋಪಿನಲ್ಲಿ ದನದ ಕಾಲಿನ ಎಲುಬು ಬೇಯಿಸಿ ತೆಗೆದ ಎಣ್ಣೆ, ಕೊಬ್ಬು, ಜೇನುಮೇಣ. ನಮ್ಮಲ್ಲಿ ಚಪ್ಪಲಿಗೆ ಹರಳೆಣ್ಣೆ. ಆ ಕಾಲದಲ್ಲಿ ರಿಪೇರಿ ಅಂದರೆ ತೊಗಲಿಗೆ ಉಣ್ಣಿಸುವುದು, ಅಷ್ಟೇ.

ಇನ್ನು ಕಾರ್ಸೆಟ್ಟಿನ ಸುದ್ದಿ. ಹತ್ತೊಂಬತ್ತನೇ ಶತಮಾನದಲ್ಲಿ ಹೆಂಗಸರು ಸೊಂಟ ಬಿಗಿಯಲು ಹಾಕುತ್ತಿದ್ದ ಕಾರ್ಸೆಟ್ಟಿನೊಳಗೆ ಉಕ್ಕಿನ ಪಟ್ಟಿಗಳಿರುತ್ತಿದ್ದವು. ಅವಕ್ಕೆ ತೆಳು ತೊಗಲಿನ ಹೊದಿಕೆ. ಪಟಿಕದಿಂದ ಹದ ಮಾಡಿದ ಆ ತೊಗಲು ಬೆವರಿಗೆ ಒದ್ದೆಯಾದರೆ ಉಕ್ಕು ತುಕ್ಕು ಹಿಡಿಯುತ್ತಿತ್ತು. ತುಕ್ಕು ಹಿಡಿಸದ ತೊಗಲು ಮಾಡಬಹುದೇ ಅನ್ನುವ ಪ್ರಶ್ನೆ ನ್ಯೂಯಾರ್ಕಿನಲ್ಲಿ ಬಣ್ಣಗಳ ವ್ಯವಹಾರದಲ್ಲಿದ್ದ ರಸಾಯನ ಬಲ್ಲ ಆಗಸ್ಟಸ್ ಶುಲ್ಟ್ಜ್ ಎಂಬಾತನ ಕಿವಿಗೆ ಬಿತ್ತು. ಆತ ಕ್ರೋಮಿಯಂ ಲವಣದಲ್ಲಿ ಹದ ಮಾಡುವ ವಿಧಾನ ಕಂಡುಹಿಡಿದು 1884ರಲ್ಲಿ ಪೇಟೆಂಟ್ ಪಡೆದ. ಜರ್ಮನಿಯ ಫ್ರೀಡ್ರಿಶ್ ಕ್ನಾಪ್ 1858ರಲ್ಲೇ ಕ್ರೋಮಿಯಂ ಬಗ್ಗೆ ಬರೆದಿದ್ದರೂ ಅದನ್ನು ಕಾರ್ಖಾನೆಯ ಬಾಗಿಲಿಗೆ ತಂದದ್ದು ಶುಲ್ಟ್ಜ್. ಅವನದು ಎರಡು ತೊಟ್ಟಿಯ ವಿಧಾನ. 1893ರಲ್ಲಿ ಮಾರ್ಟಿನ್ ಡೆನಿಸ್ ಅದನ್ನು ಒಂದೇ ತೊಟ್ಟಿಗೆ ಇಳಿಸಿದ. ತಿಂಗಳುಗಳ ಕೆಲಸ ದಿನಗಳಲ್ಲಿ ಮುಗಿಯತೊಡಗಿತು.

ಇದರ ಗಾಳಿ ನಮ್ಮ ಕಡೆಗೂ ಬೇಗನೇ ಬೀಸಿತು. ಮದ್ರಾಸಿನಲ್ಲಿ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಆಲ್‌ಫ್ರೆಡ್ ಚಾಟರ್ಟನ್ 1900ರ ದಶಕದ ಆರಂಭದಲ್ಲೇ ಅಲ್ಲಿ ಕ್ರೋಮ್ ಹದದ ಪ್ರಯೋಗ ಶುರು ಮಾಡಿದರು. ಅವರ ತಲೆಯಲ್ಲಿದ್ದದ್ದು ಜಾಕೆಟ್ಟಲ್ಲ, ಬಾವಿಯಿಂದ ನೀರೆತ್ತುವ ತೊಗಲಿನ ಚೀಲ! ನಮ್ಮ ಕಪಿಲೆಯ ಬಾನಿ ಇದೆಯಲ್ಲ, ಅದೇ. ತೊಗಟೆಯ ತೊಗಲು ನೀರಲ್ಲಿ ನೆನೆದು ಬೇಗ ಕೆಡುತ್ತಿತ್ತು, ಕ್ರೋಮ್ ತೊಗಲು ತಾಳುತ್ತಿತ್ತು. ಇದೇ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದರು. ಅದೇ ವರ್ಷ ವಿಶ್ವೇಶ್ವರಯ್ಯನವರು ದಿವಾನರಾದದ್ದು.

ಸರಿ, ಗೀರಿಗೂ ಇದಕ್ಕೂ ಏನು ಸಂಬಂಧ? ಇದೆ. ಕ್ರೋಮ್‌ನಲ್ಲಿ ಹದವಾಗಿ ಹೊರಬಂದ ತೊಗಲಿನ ಬಣ್ಣ ಕಂದಲ್ಲ, ತಿಳಿ ನೀಲಿ. ಕಪ್ಪೋ ಕಂದೋ ಬೇಕಾದರೆ ಬೇರೆಯಾಗಿ ಕೊಡಬೇಕು. ಆ ಬಣ್ಣ ಪೂರ್ತಿ ಒಳಗಿಳಿಯದಿದ್ದರೆ ಗೀರಿನ ಕೆಳಗೆ ಬೂದಿ ನೀಲಿ ಇಣುಕುತ್ತದೆ. ಎಣ್ಣೆ ಎಷ್ಟು ಸುರಿದರೂ ನೀಲಿ ಕಪ್ಪಾಗುವುದಿಲ್ಲ. ರಿಪೇರಿಯ ಹಳೇ ವಿದ್ಯೆ ಇಲ್ಲಿಗೆ ಬಂದು ನಿಂತುಬಿಟ್ಟಿತು.

ಈಗ ಜಾಕೆಟ್ಟಿಗೆ ಬರೋಣ. ಅಮೆರಿಕದ ಸೇನೆ 1927ರಲ್ಲಿ ತನ್ನ ವಿಮಾನ ಚಾಲಕರಿಗೆ ಎ-1 ಎಂಬ ಜಾಕೆಟ್ ಕೊಟ್ಟಿತು. 1931ರಲ್ಲಿ ಅದರ ಜಾಗಕ್ಕೆ ಜಿಪ್ ಇದ್ದ ಎ-2 ಬಂತು. ನ್ಯೂಯಾರ್ಕಿನ ಇರ್ವಿಂಗ್ ಶಾಟ್ 1928ರಲ್ಲಿ ಬೈಕ್ ಸವಾರರಿಗಾಗಿ ಪರ್ಫೆಕ್ಟೋ ಜಾಕೆಟ್ ಮಾಡಿದ. ಬೆಲೆ ಐದೂವರೆ ಡಾಲರ್! 1953ರ 'ದಿ ವೈಲ್ಡ್ ಒನ್' ಸಿನಿಮಾದಲ್ಲಿ ಮರ್ಲನ್ ಬ್ರಾಂಡೊ ಅಂಥ ಜಾಕೆಟ್ ತೊಟ್ಟು ಬಂದ ಮೇಲೆ ಅದು ಪುಂಡು ಹುಡುಗರ ಸಮವಸ್ತ್ರವೇ ಆಯಿತು.

ಈ ಮೊದಮೊದಲ ಜಾಕೆಟ್ಟುಗಳು ಹೆಚ್ಚಾಗಿ ಕುದುರೆ ತೊಗಲಿನವು. ಕಾರಣ ಸರಳ. 1915ರ ಸುಮಾರಿಗೆ ಅಮೆರಿಕದಲ್ಲಿ ಕುದುರೆ, ಹೇಸರಗತ್ತೆ ಸೇರಿ ಎರಡೂವರೆ ಕೋಟಿಗೂ ಹೆಚ್ಚಿದ್ದವು. ಆಮೇಲೆ ಟ್ರಾಕ್ಟರ್ ಬಂತು, 1960ರ ಹೊತ್ತಿಗೆ ಉಳಿದದ್ದು ಸುಮಾರು 30 ಲಕ್ಷ. ಹೊಲದಿಂದ ಕುದುರೆ ಹೋಯಿತು, ಹಿಂದೆಯೇ ಜಾಕೆಟ್ಟಿನಿಂದಲೂ ಹೋಯಿತು. ತೊಗಟೆಯಲ್ಲಿ ಹದ ಮಾಡಿ ಮೇಲೆ ಮಾತ್ರ ಕಪ್ಪು ಬಣ್ಣ ಕೊಟ್ಟ ಹಳೇ ಕುದುರೆ ಜಾಕೆಟ್ಟುಗಳಲ್ಲಿ ಮೊಣಕೈ ತರಚಿದ ಕಡೆ ಕಂದು ಬಣ್ಣ ಇಣುಕುತ್ತದೆ. ಈಗಿನ ಜಪಾನಿನ ತಯಾರಕರು ಅದೇ ರೀತಿ ತರಚಲಿ ಅಂತಲೇ ಬೇಕೆಂದು ಹಾಗೆ ಹದ ಮಾಡುತ್ತಾರೆ. ಗೀರು ದೋಷವಲ್ಲ, ಗುಣ!

ಯುದ್ಧಕಾಲದಲ್ಲಿ ಇಂಥ ಭಾವನೆಗೆ ಪುರುಸೊತ್ತಿರಲಿಲ್ಲ. ತರಚಿ ಮಾಸಿದ ಎ-2 ಜಾಕೆಟ್ಟುಗಳಿಗೆ ಸೇನೆಯ ಡಿಪೋಗಳಲ್ಲಿ ಕಡುಗಂದು ಬಣ್ಣ ಬಳಿದು ಮತ್ತೆ ಹಂಚುತ್ತಿದ್ದರು. ಚಾಲಕರು ಅದೇ ಜಾಕೆಟ್ಟಿನ ಬೆನ್ನಿಗೆ ತಮ್ಮ ವಿಮಾನದ ಹೆಸರು, ಹೋಗಿ ಬಂದ ಪ್ರತಿ ಹಾರಾಟಕ್ಕೊಂದು ಬಾಂಬಿನ ಚಿತ್ರ ಬರೆಸಿಕೊಳ್ಳುತ್ತಿದ್ದರು. 1943ರಲ್ಲಿ ಸೇನೆ ಬಟ್ಟೆಯ ಜಾಕೆಟ್ಟಿಗೆ ಹೋಯಿತು. ಉಳಿದ ಎ-2ಗಳನ್ನು ಇವತ್ತು ಜೋಪಾನ ಮಾಡುವವರು ಅವುಗಳ ಒಂದು ಗೀರನ್ನೂ ಮುಚ್ಚಲು ಒಪ್ಪುವುದಿಲ್ಲ.

ಮೂರನೇ ಅಧ್ಯಾಯ ಜರ್ಮನಿಯದು. ಅಲ್ಲಿ ಒಟ್ಟೊ ರ‍್ಯೋಮ್ ಎಂಬ ರಸಾಯನಶಾಸ್ತ್ರಜ್ಞ 1901ರಲ್ಲಿ ಅಕ್ರಿಲಿಕ್ ಆಮ್ಲದ ಸಂಯುಕ್ತಗಳ ಮೇಲೆ ಪ್ರಬಂಧ ಬರೆದ. ಆದರೆ ಹಣ ಮಾಡಿದ್ದು ಬೇರೆ ಕಡೆ. ಆ ಕಾಲದಲ್ಲಿ ತೊಗಲನ್ನು ಮೆತ್ತಗೆ ಮಾಡಲು ನಾಯಿಯ ಹೇಲು ಬಳಸುತ್ತಿದ್ದರು (ಮೂಗು ಮುಚ್ಚಿಕೊಳ್ಳಬೇಡಿ, ಲಂಡನ್ನಿನಲ್ಲಿ ಅದನ್ನು ಬೀದಿಯಲ್ಲಿ ಆಯ್ದು ಮಾರುವುದೇ ಒಂದು ಕಸುಬಾಗಿತ್ತು). ರ‍್ಯೋಮ್ ಅದರ ಬದಲಿಗೆ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವ ಬಳಸಿದ. 1907ರಲ್ಲಿ ಒಟ್ಟೊ ಹಾಸ್ ಜೊತೆ ಕಂಪನಿ ಕಟ್ಟಿದ. ಅದೇ ಮನೆತನದ ಕಂಪನಿಗಳು ಮುಂದೆ ಅವನ ಹಳೇ ಅಕ್ರಿಲಿಕ್ಕಿಗೆ ಮರಳಿ, 1930ರ ದಶಕದಲ್ಲಿ ತೊಗಲಿನ ಮೇಲೆ ಬಳಿಯುವ ಅಕ್ರಿಲಿಕ್ ಲೇಪ ತಂದವು. ಇವತ್ತಿನ ಬಹುಪಾಲು ಜಾಕೆಟ್ಟಿನ ಮೇಲಿರುವುದು ಇಂಥ ರಾಳದ ಲೇಪವೇ. ನಾವು ಮುಟ್ಟಿ 'ಆಹಾ ಲೆದರ್' ಅನ್ನುವುದು ತೊಗಲನ್ನಲ್ಲ, ತೆಳುವಾದ ಪೇಂಟನ್ನು. ಅದಕ್ಕೆ ಎಣ್ಣೆ ಹಚ್ಚಿದರೆ ಒಳಗೆ ಇಳಿಯುವುದಾದರೂ ಎಲ್ಲಿಂದ?

ಹಾಗಾಗಿ ಗೀರು ಅಂದಕೂಡಲೇ ಮೊದಲು ಕೇಳಬೇಕಾದ ಪ್ರಶ್ನೆ 'ಏನು ಹಚ್ಚಲಿ' ಅಲ್ಲ, 'ಗೀರು ಯಾವ ಪದರದಲ್ಲಿದೆ' ಅನ್ನುವುದು. ಕಾಲರಿನ ಕೆಳಗೆ, ಯಾರಿಗೂ ಕಾಣದ ಕಡೆ ಒಂದು ಹನಿ ನೀರಿಡಿ. ಹನಿ ಹೀರಿಕೊಂಡು ಕಪ್ಪಾದರೆ ಲೇಪ ಇಲ್ಲ ಅಥವಾ ತೀರಾ ಕಡಿಮೆ. ಅಂಥದ್ದಕ್ಕೆ ಬೆರಳ ಬಿಸಿ, ಬಣ್ಣವಿಲ್ಲದ ಲೆದರ್ ಕ್ರೀಮ್ ಸಾಕು. ಹನಿ ಮುತ್ತಿನಂತೆ ನಿಂತರೆ ಲೇಪ ಇದೆ. ಲೇಪ ಮಾತ್ರ ತರಚಿದ್ದರೆ, ಆ ಜಾಗವನ್ನು ಒರೆಸಿ ಜಿಡ್ಡು ತೆಗೆದು, ನಯವಾದ ಉಪ್ಪುಕಾಗದದಿಂದ ಮೆಲ್ಲಗೆ ಸವರಿ, ಲೆದರಿಗೆಂದೇ ಮಾಡಿದ ಅಕ್ರಿಲಿಕ್ ಬಣ್ಣವನ್ನು ಸ್ಪಂಜಿನಲ್ಲಿ ತೆಳುತೆಳುವಾಗಿ ಮೂರು ನಾಲ್ಕು ಸಲ ಹಚ್ಚಬೇಕು. ಪ್ರತಿ ಸಲವೂ ಒಣಗಲು ಬಿಡಬೇಕು. ತೊಗಲೇ ಹರಿದಿದ್ದರೆ ಬಣ್ಣ ಆಮೇಲಿನ ಮಾತು. ಒಳಗಿನಿಂದ ತೇಪೆ ಕೊಟ್ಟು ಬಾಗುವಂಥ ಅಂಟಿನಲ್ಲಿ ಕೂರಿಸಬೇಕು. ಬೂಟ್ ಪಾಲಿಶ್ ಬೇಡ, ಅದು ಪಕ್ಕದಲ್ಲಿ ಕೂತವರ ಅಂಗಿಗೆ ಹತ್ತುತ್ತದೆ. ಕೊಬ್ಬರಿ ಎಣ್ಣೆಯೂ ಬೇಡ, ಕಮಟು ವಾಸನೆ ಬರುತ್ತದೆ.

ನನಗೆ ಇದೆಲ್ಲ ಬೇಕಾದದ್ದು ಅಣ್ಣನ ಜಾಕೆಟ್ಟಿನಿಂದ. ಅಣ್ಣ ಈಗಿಲ್ಲ. ಅವನ ಮಗಳು ಕಾಲೇಜಿಗೆ ಅದನ್ನೇ ಹಾಕಿಕೊಂಡು ಹೋಗುತ್ತೇನೆ ಅಂದಳು. ಎಡ ಮೊಣಕೈಯ ಹತ್ತಿರ ಅಂಗೈಯಷ್ಟು ಜಾಗ ತರಚಿ ಬೂದಿ ಬಣ್ಣ ಕಾಣುತ್ತಿತ್ತು, ಮಧ್ಯೆ ಒಂದು ಸಣ್ಣ ಹರಕು. ಅವನು ಬೈಕಿನಿಂದ ಬಿದ್ದಾಗ ಆದದ್ದು, ಮೈಗೆ ಏನೂ ಆಗಿರಲಿಲ್ಲ. ಒಂದು ಅಂಗಡಿಯವರು ಇಡೀ ಜಾಕೆಟ್ಟಿಗೆ ಕಪ್ಪು ಸ್ಪ್ರೇ ಹೊಡೆದು ಹೊಸದರಂತೆ ಮಾಡಿಕೊಡುತ್ತೇವೆ ಅಂದರು. ಅತ್ತಿಗೆಗೆ ಅದೇ ಇಷ್ಟ. ಆ ತರಚನ್ನು ನೋಡಲು ಅವರಿಗಾಗದು. ಮಗಳಿಗೆ ಅದನ್ನು ಅಳಿಸುವುದೇ ಬೇಡ. ಅಪ್ಪನ ಕೈ ಉಳಿಸಿದ್ದು ಅದೇ ಅಲ್ವಾ ಚಿಕ್ಕಪ್ಪ ಅಂದಳು. ನಾನೇನು ಹೇಳಲಿ?

ಕೊನೆಗೆ ದಾರಿ ತೋರಿಸಿದ್ದು ನಮ್ಮ ಬಡಾವಣೆಯ ಮೂಲೆಯಲ್ಲಿ ಕೊಡೆ ಕೆಳಗೆ ಕೂರುವ ಚಪ್ಪಲಿ ಹೊಲಿಯುವವರು. ಜಾಕೆಟ್ಟಿನ ಒಳಬಟ್ಟೆಯ ಹೊಲಿಗೆ ಬಿಚ್ಚಿ, ಹರಕಿನ ಹಿಂದಿನಿಂದ ತೆಳು ತೊಗಲಿನ ತೇಪೆ ಕೂರಿಸಿ, ಒಳಬಟ್ಟೆ ಮತ್ತೆ ಹೊಲಿದುಕೊಟ್ಟರು. 'ಇನ್ನು ಹರಿಯಲ್ಲ ಸಾರ್. ಬಣ್ಣ ಬೇಕಾದ್ರೆ ಯಾವಾಗ ಬೇಕಾದ್ರೂ ಹಚ್ಚಬಹುದು, ಹಚ್ಚಿದ್ಮೇಲೆ ತೆಗೆಯೋಕಾಗಲ್ಲ' ಅಂದರು. ಅತ್ತಿಗೆ ಅದನ್ನು ಕೇಳಿ ಸುಮ್ಮನಾದರು, ಆಮೇಲೆ ತಲೆಯಾಡಿಸಿದರು.

ಆ ಮಾತನ್ನು ಮ್ಯೂಸಿಯಮ್ಮುಗಳು ಕಲಿಯಲು ದಶಕಗಳೇ ಹಿಡಿದವು. ಬ್ರಿಟಿಷ್ ಮ್ಯೂಸಿಯಮ್ಮಿನ ಹೆಸರಿನದೇ ಒಂದು ಪ್ರಸಿದ್ಧ ಲೇಪವಿತ್ತು: ಕುರಿ ಉಣ್ಣೆಯ ಜಿಡ್ಡು, ಜೇನುಮೇಣ, ಸೀಡಾರ್ ಎಣ್ಣೆ. ಹಳೇ ತೊಗಲಿಗೆಲ್ಲ ವರ್ಷಾನುಗಟ್ಟಲೆ ಅದನ್ನು ತಿಕ್ಕಿದರು. ಆಮೇಲೆ ನೋಡಿದರೆ ಎಷ್ಟೋ ಕಡೆ ತೊಗಲು ಕಪ್ಪಾಗಿ, ಅಂಟಂಟಾಗಿ, ಧೂಳು ಹಿಡಿದಿತ್ತು. ಈಗಿನ ಸಂರಕ್ಷಕರು ಹಳೇ ತೊಗಲಿಗೆ ಸುಮ್ಮಸುಮ್ಮನೆ ಏನೂ ಹಚ್ಚುವುದಿಲ್ಲ. ಹಚ್ಚಿದ್ದನ್ನು ತೆಗೆಯಲು ಬರಬೇಕು ಅನ್ನುವುದೇ ಅವರ ಮೊದಲ ನಿಯಮ. ನಮ್ಮ ಮೂಲೆಯ ಕಸುಬುದಾರರ ಬಾಯಲ್ಲಿ ಅದು ತಾನಾಗಿಯೇ ಬಂತು. ತೊಗಲು ಮುಟ್ಟುವವರು ಅಂತ ನಮ್ಮ ಸಮಾಜ ಶತಮಾನಗಳ ಕಾಲ ಊರ ಹೊರಗಿಟ್ಟ ಜನರ ವಿದ್ಯೆ ಇದು. ಪೇಟೆಂಟ್ ಪಡೆದವರ ಹೆಸರು ವರ್ಷದ ಸಮೇತ ಬರೆದೆ, ಇವರ ಹೆಸರು ಬರೆದಿಟ್ಟ ಪುಸ್ತಕ ಎಲ್ಲಿದೆ?

ಕೊನೆಯದಾಗಿ ಒಂದು ಮಾತು. ನಿಮ್ಮ ಜಾಕೆಟ್ಟಿನ ಮೇಲ್ಪದರ ಹಪ್ಪಳದಂತೆ ಚಕ್ಕೆಚಕ್ಕೆಯಾಗಿ ಏಳುತ್ತಾ ಕೆಳಗೆ ಬಟ್ಟೆಯ ನೇಯ್ಗೆ ಕಾಣುತ್ತಿದ್ದರೆ ಅದು ತೊಗಲೇ ಅಲ್ಲ, ಬಟ್ಟೆಗೆ ಬಳಿದ ಪಾಲಿಯುರೆಥೇನ್. ಗಾಳಿಯ ತೇವಕ್ಕೆ ಅದು ತಾನಾಗಿಯೇ ಬಿರುಕು ಬಿಡುತ್ತದೆ. ಅದನ್ನು ಸರಿಮಾಡಲು ಯಾರಿಗೂ ಆಗದು, ಆಗಲಿಲ್ಲ ಅಂತ ಚಪ್ಪಲಿ ಹೊಲಿಯುವವರನ್ನು ಬಯ್ಯಬೇಡಿ. ನಿಜವಾದ ತೊಗಲಾದರೆ ಎಷ್ಟೇ ತರಚಿದ್ದರೂ ಬಿಸಾಡುವ ಮೊದಲು ಒಮ್ಮೆ ಅವರ ಕೈಗೆ ಕೊಟ್ಟು ನೋಡಿ. ಚೌಕಾಸಿ ಮಾತ್ರ ಮಾಡಬೇಡಿ.